ಟೋಗೋ ಅಂದರೆ ಕೈ ಚಾಚಬೇಡಿ

ಮೊದಲು ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡ್ರಿ. ತೊಗೋ ಅಂದರೆ ಕೈ ಚಾಚಬಾರದು, ಪಲಾವ್ ಅಂದರೆ ತಾಟು ಹಿಡಿಯಬಾರದು, ಟಾಂಗಾ ಅಂದರೆ ಹತ್ತಬಾರದು, ನಕ್ಕೋ ಅಂದರೆ ಎದ್ದು ಹೋಗಬಾರದು. ಹಂಗಾದರೆ ನಾವು ಯಾರು?

ಬರಲಿಲ್ಲ ಅಲ್ಲ? ಬರೋದಿಲ್ಲ ಬಿಡ್ರಿ. ಇವೆಲ್ಲ ದೇಶಗಳ ಹೆಸರು, ನಮ್ಮ ಕಿವಿಗೆ ಹೀಗೆ ಕೇಳಿಸುತ್ತವೆ. ಧ್ವಜ ಇರುವ, ಮಂದಿ ಇರುವ ಖರೇ ಖರೇ ದೇಶಗಳು. ಟಿವಿಯವರು ಇವುಗಳ ಹೆಸರು ಎತ್ತೋದಿಲ್ಲ, ಅದಕ್ಕೇ ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಮತ್ತೆ ಡುಮ್ಕಿ ಹೊಡೆದು, ಶಾಲೆಗೆ ದೂರದಿಂದಲೇ ಕೈ ಮುಗಿದವನು ನಾನು.

ಈಗ ರಾಯಚೂರಿನ ತೀನ್ ಕಂದಿಲ್ ಹತ್ತಿರ ನಮ್ಮ ಮಾಮಾನ ಅಂಗಡಿಯಲ್ಲಿ ಇದ್ದೇನೆ. ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ. ಪೊಲೀಸ್ ಟೋಪಿ, ದೊಡ್ಡಾಟದ ಕಿರೀಟ, ಹುಲಿ ಮುಖ, ಟೊಮೆಟೊ ವೇಷ ಎಲ್ಲಾ ಒಂದೇ ಹಗ್ಗಕ್ಕೆ ಜೋತು ಬಿದ್ದಿರುತ್ತವೆ. ಹುಲಿಯ ಪಕ್ಕ ಟೊಮೆಟೊ ತೂಗಾಡುವ ಜಾಗದಲ್ಲಿ ದಿನಾ ಒಂದಿಲ್ಲೊಂದು ಆಗದೆ ಇರುತ್ತದೇನು? ಆದರೆ ಈ ವರ್ಷ ಆದದ್ದು ಎಲ್ಲಕ್ಕಿಂತ ಮಿಗಿಲು. ಮಾನ್ವಿಯ ಒಂದು ಶಾಲೆಯ ದೊಡ್ಡ ಸರ್‌ಗೆ ಹೊಸ ಹುಕಿ ಬಂತು. ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂದೊಂದು ಮಗುವೂ ಒಂದೊಂದು ದೇಶ ಆಗಿ ಸ್ಟೇಜಿನ ಮೇಲೆ ಬರಬೇಕಂತ. ಬಟ್ಟೆ ನಮ್ಮದು. ಫೋನಿನಲ್ಲಿ ಧ್ವಜ ಹುಡುಕಿ ಟೇಲರ್ ಚಾಚಾಗೆ ತೋರಿಸುವ ಕೆಲಸ ನನ್ನದು. ಸಮಾಜ ವಿಜ್ಞಾನ ನನ್ನನ್ನು ಅಲ್ಲಿಗೂ ಹುಡುಕಿಕೊಂಡು ಬಂತು ನೋಡ್ರಿ.

೧. ಉಳಿದದ್ದು

ಅಳತೆ ತೆಗೆಯಲು ಟೇಪು ಹಿಡಿದು ಮಾನ್ವಿಗೆ ಹೋದೆ. ದೊಡ್ಡ ಸರ್ ದೇಶ ಹಂಚುತ್ತಿದ್ದರು. ಅಮೆರಿಕಾ ಅಕ್ಕಿ ಗಿರಣಿಯವರ ಮಗನಿಗೆ. ಜಪಾನ್ ಡಾಕ್ಟರ್ ಮಗಳಿಗೆ. ಇಂಗ್ಲೆಂಡ್ ಸ್ವತಃ ಸರ್ ಮಗನಿಗೇ. ಪರಿಚಯ ಇದ್ದವರಿಗೆ ಪರಿಚಯದ ದೇಶ, ಉಳಿದವರಿಗೆ ಉಳಿದ ದೇಶ. ಚಾಡ್ ಅನ್ನುವ ದೇಶ ಸಿಕ್ಕ ಹುಡುಗಿಯ ಅವ್ವ ಮಾತ್ರ ಖುಷಿಯಿಂದ ಒಪ್ಪಿಕೊಂಡಳು. "ಚಾಡಿ ಹೇಳೋದ್ರಾಗ ಇಕಿನೇ ಫಸ್ಟ್ ರೀ ಸರ್, ಸರಿಯಾಗೇ ಕೊಟ್ಟೀರಿ" ಅಂದಳು.

ಕೊನೆಗೆ ಒಬ್ಬ ಹುಡುಗಿ ಉಳಿದಳು. ಹಿರೇಕೊಟ್ನೆಕಲ್ಲಿನ ಕುರಿ ಕಾಯುವವರ ಮನೆಯ ಮೊಮ್ಮಗಳು, ಮೂರನೇ ಕ್ಲಾಸು. ಎರಡು ಜಡೆ, ಕೆಂಪು ರಿಬ್ಬನ್, ಅದರಲ್ಲಿ ಒಂದು ಯಾವಾಗಲೂ ಬಿಚ್ಚಿಕೊಂಡೇ ಇರುತ್ತದೆ.

"ನಿಂದು ಟೋಗೋ" ಅಂದರು ಸರ್.

ಹುಡುಗಿ ಎರಡೂ ಕೈ ಚಾಚಿ ನಿಂತಳು.

"ಏನು ಬೇಕು?"

"ತೊಗೋ ಅಂದ್ರಲ್ಲರೀ ಸರ್. ಕೊಡ್ರಿ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಶುರು. ಒಬ್ಬ ಬಂದು "ತೊಗೋ" ಅಂತ ಬಳಪದ ಚೂರು ಕೊಟ್ಟ. ಇನ್ನೊಬ್ಬ "ತೊಗೋ" ಅಂತ ಹುಣಸೆ ಬೀಜ ಕೊಟ್ಟ. ಮತ್ತೊಬ್ಬಳು ಪೆನ್ಸಿಲ್ ಸಿಪ್ಪೆ ಕೊಟ್ಟಳು. ನಾನು ಅಳತೆ ತೆಗೆಯಲು ಹೋದಾಗ ಆಕೆಯ ಜೇಬು ಗಿಲಕಿ ಥರ ಸದ್ದು ಮಾಡುತ್ತಿತ್ತು.

"ಅಣ್ಣಾ, ಅಂಥ ದೇಶ ಅದನೇನು?" ಅಂತ ಮೆಲ್ಲಗೆ ಕೇಳಿದಳು.

"ಅದ."

"ಖರೇ?"

"ಖರೇ ಅದ."

"ಹೋದ ವರ್ಷ ಹುಲಿ ವೇಷಕ್ಕ ಖರೇ ಹುಲಿ ಕೂದಲಾ ಹಚ್ಚೀವಿ ಅಂದಿದ್ದಿ. ಆಮ್ಯಾಲ ನೋಡಿದ್ರ ಗೋಣಿಚೀಲ ಇತ್ತು."

ನನ್ನ ಮಾತಿಗೆ ಊರಲ್ಲಿ ಇರುವ ಕಿಮ್ಮತ್ತು ಇಷ್ಟು. ಆಕೆ ಮುಖ ಸಣ್ಣದು ಮಾಡಿಕೊಂಡು ಹೇಳಿದಳು: "ನಾ ಸ್ಟೇಜ್ ಹತ್ತೋದಿಲ್ಲ ಹೋಗು. ಇಲ್ಲದ ದೇಶ ಆಗಿ ನಿಂದ್ರಾಕ ನನಗ ನಾಚಿಕಿ ಆಗ್ತದ."

ಮಂದಿಯನ್ನು ನಗಿಸೋದು ನನ್ನ ಚಟ. ಆದರೆ ಹೀಗೆ ಒಬ್ಬರ ಕಣ್ಣಲ್ಲಿ ನೀರು ನಿಲ್ಲಿಸಿ ಉಳಿದವರು ನಗೋದು ನನಗೆ ಸೇರೋದಿಲ್ಲ. ಈ ಹುಡುಗಿ ಸ್ಟೇಜು ಹತ್ತಲೇಬೇಕು, ಟೋಗೋ ಅನ್ನುವ ದೇಶ ಇದೆ ಅಂತ ಇಡೀ ಮಾನ್ವಿ ಒಪ್ಪಲೇಬೇಕು ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಟೇಪು ಸುತ್ತಿಕೊಂಡು ಗಂಭೀರವಾಗಿ ಹೊರಟರೆ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಅಣ್ಣಾ, ಟೋಗೋದ ನಡಾ ಎಷ್ಟಾತು?"

೨. ಪಲಾವ್ ಪಾರ್ಸೆಲ್

ಮಾಮಾಗೆ ಫೋನಿನಲ್ಲಿ ಅರ್ಧ ಕೇಳಿಸುತ್ತದೆ, ಉಳಿದರ್ಧ ಅವನೇ ಕಟ್ಟಿಕೊಳ್ಳುತ್ತಾನೆ. ಒಂದು ದಿನ ದೊಡ್ಡ ಸರ್ ಫೋನ್ ಮಾಡಿದರು: "ಇವತ್ತು ಪ್ರಾಕ್ಟೀಸ್ ಅದ. ಒಂದು ಅಮೆರಿಕಾ, ಒಂದು ಜಪಾನ್, ಒಂದು ಪಲಾವ್ ಕಳಸ್ರಿ."

ಮಾಮಾ ಫೋನ್ ಇಟ್ಟು, "ಹುಡುಗರು ಹಸದಾವ ಅಂತ ಕಾಣ್ತದ, ಹೋಟೆಲ್ಲಿಂದ ಪಲಾವ್ ಕಟ್ಟಿಸ್ಕೊಂಡು ಒಯ್ಯಿ" ಅಂದ.

ಪಲಾವ್ ಅಂದರೆ ಸಮುದ್ರದ ನಡುವೆ ಇರುವ ಸಣ್ಣ ಸಣ್ಣ ದ್ವೀಪಗಳ ದೇಶ, ನೀಲಿ ಧ್ವಜದ ಮೇಲೆ ಹಳದಿ ಚಂದ್ರ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನವೇ ಫೋನಿನಲ್ಲಿ ನೋಡಿದ್ದೆ. ಆದರೆ ಹೇಳಲಿಲ್ಲ. ಹೇಳಿದರೆ ಏನು ಮಜಾ ಉಳೀತದ?

ಪಾರ್ಸೆಲ್ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಲವಂಗದ ವಾಸನೆಗೆ ಮಾನ್ವಿ ಮುಟ್ಟುವವರೆಗೆ ಅಕ್ಕಪಕ್ಕದವರು ನನ್ನ ಕಡೆ ಪ್ರೀತಿಯಿಂದ ನೋಡಿದರು. ಶಾಲೆಯಲ್ಲಿ ಸರ್, "ಅಮೆರಿಕಾ ಬಂತು, ಜಪಾನ್ ಬಂತು. ಪಲಾವ್ ಎಲ್ಲಪಾ?" ಅಂದರು. ನಾನು ಪಾರ್ಸೆಲ್ ಮುಂದೆ ಹಿಡಿದೆ.

ಮೊದಲು ಬೈದರು. ಆಮೇಲೆ ಬಿಚ್ಚಿದರು. ಬಿಚ್ಚಿದ ಮೇಲೆ ಬೈಯೋದು ನಿಲ್ಲಿಸಿದರು. "ಬಂದದ್ದು ಬಂದದ, ಬಿಸಿ ಬ್ಯಾರೆ ಅದ" ಅಂತ ಟೀಚರುಗಳೆಲ್ಲ ಸುತ್ತ ಸೇರಿದರು. ಪಲಾವ್ ದೇಶ ಆಗಬೇಕಾಗಿದ್ದ ಹುಡುಗ ಪಾಪ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ.

"ಸರ್, ಅದು ನಮ್ಮ ದೇಶ ಸರ್!"

"ತಡಿಯೋ" ಅಂದರು ಸರ್ ಬಾಯಿ ತುಂಬ ತುತ್ತು ಇಟ್ಟುಕೊಂಡು. "ಇನ್ನೂ ಗಡಿ ಮಟಾ ಬಂದೀವಿ."

ಕೈ ತೊಳೆಯುವಾಗ ನಾನು ಹೆಂಗಿತ್ತು ಅಂತ ಕೇಳಿದೆ. "ಉಪ್ಪು ಒಂಚೂರು ಕಮ್ಮಿ" ಅಂದರು. ನಾಲ್ಕೂ ಕಡೆ ಸಮುದ್ರ ಇರುವ ದೇಶಕ್ಕೆ ಉಪ್ಪು ಕಮ್ಮಿ ಅಂದವರು ಈ ಜಗತ್ತಿನಲ್ಲಿ ನಮ್ಮ ದೊಡ್ಡ ಸರ್ ಒಬ್ಬರೇ.

೩. ಕಾರಿನವರಿಗೆ ಟಾಂಗಾ

ಕಲ್ಲೂರಿನಿಂದ ಒಬ್ಬ ಯಜಮಾನರು ಹೊಸ ಕಾರಿನಲ್ಲಿ ಬಂದು ಅಂಗಡಿ ಮುಂದೆ ಧೂಳು ಎಬ್ಬಿಸಿ ನಿಲ್ಲಿಸಿದರು. ಇಳಿಯುವಾಗಲೇ ಸಿಟ್ಟು.

"ಏನಲೇ, ನಮ್ಮ ಹುಡುಗಗ ಟಾಂಗಾ ಕೊಟ್ಟಾರಂತ? ನಮ್ಮಜ್ಜನ ಕಾಲಕ್ಕೇ ಟಾಂಗಾ ಮಾರಿ ಜೀಪ್ ತಂದ ಮನಿತನ ನಮ್ಮದು. ಈಗ ನನ್ನ ಮಗನ್ನ ಮತ್ತ ಟಾಂಗಾದಾಗ ಕುಂದ್ರಸ್ತೀರಾ?"

"ಯಪ್ಪಾ, ಅದು ಕುದುರಿ ಟಾಂಗಾ ಅಲ್ಲ. ಅದೊಂದು ದೇಶ. ಅಲ್ಲಿ ಇವತ್ತಿಗೂ ರಾಜಾ ಇದ್ದಾನ."

ಇದು ಖರೇ. ಯಜಮಾನರ ಮೀಸೆ ಸ್ವಲ್ಪ ಕೆಳಗಿಳಿಯಿತು. "ರಾಜಾ?"

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. "ಎಂಥಾ ರಾಜಾ ಅಂತೀರಿ! ಮುಂಜಾನಿ ಆಂವ ಆಕಳಿಸಿದ ಮ್ಯಾಲೇ ಆ ದೇಶದಾಗ ಕೋಳಿ ಕೂಗ್ತಾವ."

"ಹೌದಲ್ಲೋ! ರಾಜಾ ಅಂದ್ರ ಹಂಗಿರಬೇಕು!" ಅಂದರು. ಒಂದು ಕ್ಷಣವೂ ಅನುಮಾನ ಪಡಲಿಲ್ಲ. ಟೋಗೋ ಅಂತ ದೇಶ ಇದೆ ಅಂದರೆ ಮೂರನೇ ಕ್ಲಾಸಿನ ಹುಡುಗಿ ನಂಬೋದಿಲ್ಲ, ಆಕಳಿಕೆಗೆ ಕೋಳಿ ಕೂಗುತ್ತವೆ ಅಂದರೆ ಕಾರಿನವರು ನಂಬುತ್ತಾರೆ.

ರಾಜಾ ಅಂದ ಮೇಲೆ ಕಿರೀಟ ಬೇಕು. ನಮ್ಮ ಒಂದೇ ಒಂದು ದೊಡ್ಡ ಕಿರೀಟ ದೇವದುರ್ಗದ ದೊಡ್ಡಾಟದವರ ಹತ್ತಿರ ಇತ್ತು. ಹೋಗಿ ತಂದೆ. ಅವರು ಕಿರೀಟದ ಜೊತೆ ಗದೆ, ಭುಜಕೀರ್ತಿ, ಕಿವಿಯವರೆಗೆ ಬರುವ ಮೀಸೆ ಎಲ್ಲಾ ಕಟ್ಟಿ ಕೊಟ್ಟಿದ್ದರು. ಹುಡುಗ ಒಂದನ್ನೂ ಬಿಡಲಿಲ್ಲ. ಪ್ರಾಕ್ಟೀಸಿನಲ್ಲಿ ಸರ್ "ಟಾಂಗಾ, ಬಾ" ಅಂದ ಕೂಡಲೇ ಹಲಗೆ ಮುರಿಯುವಂತೆ ಹೆಜ್ಜೆ ಹಾಕಿ ಬಂದು "ಯಾರಲ್ಲೀ!" ಅಂತ ಗದರಿದ. ಜಪಾನ್ ಹೆದರಿ ಅತ್ತಿತು. ಇಂಗ್ಲೆಂಡ್ ಓಡಿಹೋಗಿ ಅಪ್ಪನ ಹಿಂದೆ ನಿಂತಿತು.

ಪ್ರಾಕ್ಟೀಸ್ ನೋಡಲು ಬಂದಿದ್ದ ಯಜಮಾನರಿಗೆ ಹಿಡಿಸಲಾರದಷ್ಟು ಖುಷಿ. ಹೋಗುವಾಗ ಕಾರಿನ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದು ಕೇಳಿದರು: "ರಾಜಾ ಅಂತೂ ಆತು. ಮತ್ತ ಕುದುರಿ ಯಾವಾಗ ಬರ್ತದ?"

೪. ಚಾಚಾನ ಸೌದಾ

ನಮ್ಮ ಟೇಲರ್ ಚಾಚಾ ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ದಾರದಲ್ಲಿ ಹೊಲಿಯುವವರು. ಒಂದು ಮುಂಜಾನೆ ಕೆಂಪು ಬಿಳಿ ಬಟ್ಟೆ ಕೊಟ್ಟು ಧ್ವಜ ತೋರಿಸಿದೆ.

"ಕ್ಯಾ ನಾಮ್ ರೇ ಇಸ್ಕಾ?"

"ಮೊನಾಕೋ, ಚಾಚಾ."

ದಖನಿಯಲ್ಲಿ ನಕ್ಕೋ ಅಂದರೆ ಬೇಡ ಅಂತ ಅರ್ಥ. ಚಾಚಾ ಮುಖ ನೋಡದೆ "ನಕ್ಕೋ ತೋ ನಕ್ಕೋ" ಅಂತ ಬಟ್ಟೆ ಮಡಚಿ ಮೂಲೆಗೆ ಇಟ್ಟುಬಿಟ್ಟರು. ಸಂಜೆ ಬಂದು ಕೇಳಿದರೆ ಉಲ್ಟಾ ನನಗೇ ಜೋರು ಮಾಡಿದರು: "ತೂಚ್ ಬೋಲ್ಯಾ ನಾ ರೇ, ನಕ್ಕೋ ಕರ್ಕೆ!" ನೀನೇ ಬೇಡ ಅಂದೆಯಲ್ಲೋ ಅಂತ.

ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಟೋಗೋದ ಸರದಿ ಬಂತು. ಹಸಿರು ಹಳದಿ ಪಟ್ಟಿ, ಮೂಲೆಯಲ್ಲಿ ಕೆಂಪು, ಕೆಂಪಿನ ಮೇಲೆ ಬಿಳಿ ಚುಕ್ಕಿ. ಹೆಸರು ಕೇಳಿ ಚಾಚಾ ಮಶೀನಿನಿಂದ ಕಾಲು ತೆಗೆದೇಬಿಟ್ಟರು. "ಒಂದು ಮುಲುಕ್ ತೊಗೋ ಅಂತದ, ಇನ್ನೊಂದು ಮುಲುಕ್ ನಕ್ಕೋ ಅಂತದ. ದುನಿಯಾದಾಗ ಸೌದಾ ಹೆಂಗ ಆಗ್ಬೇಕು ರೇ?"

ಹಾಗಂದರೂ ಟೋಗೋವನ್ನು ಬಹಳ ಚಂದ ಹೊಲಿದರು. ಮೊಮ್ಮಗಳ ಹಬ್ಬದ ಲಂಗದಲ್ಲಿ ಉಳಿದಿದ್ದ ಹಸಿರು ಸ್ಯಾಟಿನ್ ತೆಗೆದು ಹಾಕಿದರು. ಕೊನೆಯ ಹೊಲಿಗೆ ಹಾಕಿ, ದಾರ ಹಲ್ಲಿನಿಂದ ಕಡಿದು, ಕನ್ನಡಕದ ಮೇಲಿನಿಂದ ನೋಡಿದರು. "ಇದು ಖರೇ ಅದನೋ, ಇಲ್ಲಾ ನಿನ್ನ ಹುಲಿ ಕೂದಲದಂಥದ್ದೋ?"

೫. ಬೆರಳು ತಗಿ

ಗ್ಯಾದರಿಂಗ್ ಹತ್ತಿರ ಬಂದಾಗ ಅಂಗಡಿಗೆ ಒಬ್ಬ ಅಜ್ಜ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಮ್ಮ ಹುಲಿ ಮುಖ ನೋಡಿ ಕೋಲು ಬಿಗಿ ಹಿಡಿದ. ಬಟ್ಟೆದು ಅಂತ ಗೊತ್ತಾದ ಮೇಲೆ ಸಡಿಲ ಬಿಟ್ಟ.

"ಇಲ್ಲದ ದೇಶ ಹೊಲಿಯೋರು ನೀವೇ ಏನು?"

ಆ ಹುಡುಗಿಯ ತಾತ ಅಂತ ತಿಳಿಯಿತು. "ನಮ್ಮ ಹುಡುಗಿ ಉಣ್ಣವಲ್ಲದು" ಅಂದ. "ಸಾಲಿಗೇ ಹೋಗೋದಿಲ್ಲ ಅಂತದ. ಸಣ್ಣದೇ ಇರಲಿ, ಹರಕೇ ಇರಲಿ, ಇರೋ ದೇಶ ಒಂದು ಕೊಡ್ರಿ."

"ಯಪ್ಪಾ, ಟೋಗೋ ಖರೇ ಅದ."

"ಟಿವಿಯಾಗ ಒಂದು ದಿನಾನೂ ಬಂದಿಲ್ಲಂತ."

"ಹಿರೇಕೊಟ್ನೆಕಲ್ ಟಿವಿಯಾಗ ಬಂದದೇನು?"

ತಾತ ಯೋಚನೆ ಮಾಡಿದ. "ಇಲ್ಲ."

"ಮತ್ತ ಊರು ಅದನೋ ಇಲ್ಲೋ?"

"ಮುಂಜಾನಿ ಬಸ್ ಹತ್ತೋ ಮಟಾ ಇತ್ತಪಾ."

ಫೋನಿನಲ್ಲಿ ನಕ್ಷೆ ತೆಗೆದು ಬೆರಳಿಟ್ಟು ತೋರಿಸಿದೆ. "ನೋಡು ಯಪ್ಪಾ, ಇಲ್ಲಿ ಅದ."

"ನಿನ್ನ ಬೆರಳು ಕಾಣ್ತದ."

"ಬೆರಳಿನ ಕೆಳಗ ಅದ."

"ಬೆರಳು ತಗಿ ಮತ್ತ!"

ತೆಗೆದೆ. ಎರಡು ದೇಶಗಳ ನಡುವೆ ಸಿಕ್ಕಿಕೊಂಡ, ಉದ್ದಕ್ಕೆ ಇಳಿಬಿದ್ದ ಒಂದು ಪಟ್ಟಿ. ತಾತ ಕಣ್ಣು ಕಿರಿದು ಮಾಡಿದ. "ಚಲ್ಲಣದ ಲಾಡಿ ಇದ್ದಂಗ ಅದಲ್ಲೋ. ಇರಲಿ. ಅಲ್ಲಿ ಕುರಿ ಅದಾವೇನು?"

ಈ ಪ್ರಶ್ನೆ ನಾನು ಎಣಿಸಿರಲಿಲ್ಲ. ಹುಡುಕಿದೆ. ಒಂದು ವಿಡಿಯೋ ಸಿಕ್ಕಿತು. ಕೆಂಪು ಮಣ್ಣಿನ ದಾರಿ, ಕುರಿಗಳ ಹಿಂಡು, ಹಿಂದೆ ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡು ಹೋಗುವ ಒಬ್ಬ ಮನುಷ್ಯ. ತಾತ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಆಮೇಲೆ ಒಮ್ಮೆಲೇ "ಹುರ್ರ್ ಹೋಯ್!" ಅಂತ ಕೂಗಿದ. ಒಳಗೆ ಮಾಮಾನ ಕೈಯಿಂದ ಚಹಾ ಬಸಿ ಬಿತ್ತು. ಅದೇ ಹೊತ್ತಿಗೆ ವಿಡಿಯೋದಲ್ಲಿ ಒಂದು ಕುರಿ ತಿರುಗಿ ನೋಡಬೇಕೇ!

"ನೋಡಿದಿ? ಅದಕ್ಕ ತಿಳೀತು" ಅಂದ ತಾತ. ಮುಖದ ತುಂಬ ನಗೆ. "ಆತು ಬಿಡು. ಕುರಿ ಅದಾವ ಅಂದ್ರ ದೇಶ ಅದ. ಕುರಿ ನಿನ್ನಂಗ ಸುಳ್ಳು ಹೇಳೋದಿಲ್ಲ."

೬. ಇಡೀ ಜಗತ್ತು ಮಾನ್ವಿಯಲ್ಲಿ

ಪ್ರಾಕ್ಟೀಸಿನಲ್ಲಿ ಕೂಗಿ ಕೂಗಿ ದೊಡ್ಡ ಸರ್ ಗಂಟಲು ಕೂತಿತ್ತು. ಹೀಗಾಗಿ ಗ್ಯಾದರಿಂಗಿನ ದಿನ ಮೈಕು ನನ್ನ ಕೈಗೆ ಬಂತು. ಮಾಮಾ ಮಂದಿಯ ನಡುವಿನಿಂದಲೇ ಎರಡೂ ಕೈ ಜೋಡಿಸಿದ. ಮುಖ್ಯ ಅತಿಥಿಗೆ ಅಲ್ಲ, ನನಗೆ. ಏನೂ ಕಿತಾಪತಿ ಮಾಡಬ್ಯಾಡೋ ಅಂತ.

ನಾನು ಮಾಡಲಿಲ್ಲ. ದೇಶಗಳೇ ಮಾಡಿದವು. ಟಾಂಗಾ "ಯಾರಲ್ಲೀ!" ಅಂದಾಗ ಅತಿಥಿಗಳು ಗಾಬರಿಯಾಗಿ ಎದ್ದು ನಿಂತು ತಮ್ಮ ಹೆಸರು ಹೇಳಿದರು. ಪಲಾವ್ ಬಂದಾಗ ಮುಂದಿನ ಸಾಲಿನ ಟೀಚರುಗಳು ಉಗುಳು ನುಂಗಿದರು. ಮೊನಾಕೋ ಅಂತ ನಾನು ಕೂಗಿದ ಕೂಡಲೇ ಚಾಚಾ ಕೂತಲ್ಲಿಂದಲೇ "ನಕ್ಕೋ ಅಲ್ಲ, ಬರ್ಲಿ ಬರ್ಲಿ!" ಅಂತ ಕೈ ಬೀಸಿದರು.

ಆಮೇಲೆ ಟೋಗೋ. ಹುಡುಗಿ ಪರದೆಯ ಹಿಂದೆ ಹಸಿರು ಸ್ಯಾಟಿನ್ನಿನಲ್ಲಿ ಮಿಂಚುತ್ತ ನಿಂತಿದ್ದಳು. ತಾತ ತಂದುಕೊಟ್ಟ ಕುರಿಮರಿ ತೋಳಲ್ಲಿ.

"ಅಣ್ಣಾ, ನಗತಾರ."

"ನಗಲಿ. ನೀ ಹೆಸರು ಹೇಳು ಸಾಕು."

ಹೋಗಿ ಮೈಕಿನ ಮುಂದೆ ನಿಂತಳು. "ನಾ ಟೋಗೋ."

ಹಿಂದಿನಿಂದ ಯಾರೋ ದೊಡ್ಡವರೇ, "ಕೊಡು, ತೊಗೋತೀವಿ!" ಅಂದರು. ಪೆಂಡಾಲ್ ತುಂಬ ನಗೆ. ಹುಡುಗಿ ಕುರಿಮರಿಯನ್ನು ಇನ್ನೂ ಬಿಗಿ ಹಿಡಿದಳು. ಒಂದು ಹೆಜ್ಜೆ ಹಿಂದೆ ಇಟ್ಟಳು.

ಆಗ ನೆಲದ ಮೇಲೆ ಕೂತಿದ್ದ ತಾತ ಕೋಲೂರಿ ಎದ್ದ. "ಏ, ಯಾರಲೇ ಆಂವ? ಸುಮ್ನ ಕುಂದರು! ಆ ದೇಶ ಅದ. ನಾ ನನ್ನ ಕಣ್ಣೀಲೆ ನೋಡೀನಿ."

ಮುಖ್ಯ ಅತಿಥಿಗಳಿಗೂ ಕುತೂಹಲ. "ಹೌದಾ? ಯಾವಾಗ ಹೋಗಿದ್ರಿ ಅಜ್ಜಾರ?"

"ಹೋಗೋದ್ಯಾಕ್ರೀ?" ಅಂದ ತಾತ, ನನ್ನ ಕಡೆ ಕೋಲು ತೋರಿಸಿ. "ಇವನ ಕಿಸೆದಾಗ ಅದಲ್ಲ!"

ಆ ನಗೆ ಬೇರೆ ಥರದ್ದು. ಹುಡುಗಿಗೂ ನಗು ತಡೆಯಲಿಲ್ಲ. ನಗುತ್ತಲೇ ಮತ್ತೆ ಮೈಕಿಗೆ ಬಂದು, ನಾನು ಕಲಿಸಿದ್ದೆಲ್ಲ ಬಿಟ್ಟು ತನ್ನದೇ ಹೇಳಿದಳು: "ನಮ್ಮ ಟೋಗೋದಾಗ ಕುರಿ ಅದಾವ. ಅದು ಟಿವಿಯಾಗ ಬರೋದಿಲ್ಲ. ನಮ್ಮೂರೂ ಬರೋದಿಲ್ಲ. ಆದ್ರೂ ಎರಡೂ ಅದಾವ!" ಚಪ್ಪಾಳೆ ಅಂದರೆ ಅದು ಚಪ್ಪಾಳೆ. ಕುರಿಮರಿ ಮಾತ್ರ ಯಾವುದಕ್ಕೂ ಕಿವಿಗೊಡದೆ ಅತಿಥಿಗಳ ಕೊರಳಿನ ಹಾರದಿಂದ ಒಂದು ಚೆಂಡುಹೂವು ಕಿತ್ತು ತಿಂದಿತು.

ಕೊನೆಗೆ ಬಹುಮಾನದ ಕಪ್ಪು. ಚಂದದ ವೇಷಕ್ಕೆ ಕಪ್ಪು. ಅದನ್ನು ಗಿರಣಿ ಮಾಲೀಕರೇ ಕೊಡಿಸಿದ್ದರಿಂದ ಯಾರಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು "ಅಮೆರಿಕಾ!" ಅಂತ ಕೂಗಿದೆ. ಅಮೆರಿಕಾ ಬರಲಿಲ್ಲ. ಅವ್ವನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿಬಿಟ್ಟಿತ್ತು. "ಅಮೆರಿಕಾ ಎಲ್ಲಿದ್ದರೂ ಲಗೂನ ಸ್ಟೇಜಿನ ಹತ್ತಿರ ಬರಬೇಕು" ಅಂತ ಮತ್ತೆ ಕೂಗಿದೆ. ಇಲ್ಲ. ಕಾದು ಬೇಸತ್ತ ಮಂದಿ ಶುರು ಮಾಡಿದರು: "ಟೋಗೋ! ಟೋಗೋ! ಟೋಗೋ!"

ತಾತ ಸುತ್ತ ನೋಡಿದ. ಅತಿಥಿಗಳು ಕಪ್ಪು ಮುಂದೆ ಚಾಚಿ ನಿಂತಿದ್ದಾರೆ. ಇಡೀ ಮಾನ್ವಿ ತೊಗೋ ತೊಗೋ ಅನ್ನುತ್ತಿದೆ. "ಇಷ್ಟು ಮಂದಿ ಬಾಯಿಬಿಟ್ಟು ಹೇಳಾಕತ್ಯಾರ, ತೊಗೊಳ್ಳದಿದ್ರ ಹೆಂಗ?" ಅಂತ ಕೈಯನ್ನು ಕಂಬಳಿಗೆ ಒರೆಸಿಕೊಂಡು ಸ್ಟೇಜು ಹತ್ತಿದ, ಕಪ್ಪು ತೊಗೊಂಡ, ಅದಕ್ಕೆ ಬಾಟಲಿಯಿಂದ ನೀರು ಸುರಿದು ಕುರಿಮರಿಯ ಮುಂದೆ ಇಟ್ಟ. ದೊಡ್ಡ ಸರ್ ಕೂತ ಗಂಟಲಲ್ಲೇ ಓಡಿ ಬಂದರು: "ಅಜ್ಜಾ, ಅದು ಅಮೆರಿಕಾದ್ದು!"

ತಾತ ತಲೆ ಎತ್ತಲಿಲ್ಲ. "ಅವರು ದೊಡ್ಡವರರೀ ಸರ್. ಅವರ ಮನ್ಯಾಗ ಇನ್ನೊಂದು ಇರೋದಿಲ್ಲೇನು?"

ಈ ಕಪ್ಪಿನ ಮಾತು ಮಾತ್ರ ನಾನು ಕಟ್ಟಿದ್ದು ನೋಡ್ರಿ. ಖರೇ ಅಂದರೆ ಅಮೆರಿಕಾ ಎದ್ದ, ಕಣ್ಣು ಉಜ್ಜುತ್ತ ಬಂದ, ಕಪ್ಪು ಒಯ್ದ. ಬರೆದ ಮೇಲೆ ಆ ಹುಡುಗಿಗೆ ಓದಿ ಹೇಳಿದೆ. ಜಡೆಯ ರಿಬ್ಬನ್ ಮತ್ತೆ ಬಿಚ್ಚಿಹೋಗುವಷ್ಟು ನಕ್ಕಳು. "ಇರಲಿ ಬಿಡು ಅಣ್ಣಾ, ಅಳಸಬ್ಯಾಡ" ಅಂದಳು. "ಕಪ್ಪು ಸುಳ್ಳಾದ್ರೇನಾತು, ದೇಶ ಅಂತೂ ಖರೇ ಅದಲ್ಲ."

ಅದ ರೀ. ಬೆರಳು ತಗದು ನೋಡ್ರಿ.